ಕೆಲಸಕ್ಕೆ ಅರ್ಜಿ ಹಾಕಿದಾಗ ಹಳೆಯ ಪೋಸ್ಟ್‌ಗಳು ಎದುರಾದರೆ

ಕೆಲಸ ಕೊಡುವ ಮುನ್ನ ಕಂಪನಿಗಳು ಅಭ್ಯರ್ಥಿಯ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್ ನೋಡುತ್ತವೆಯೇ, ನೋಡಿದರೆ ಏನಾಗುತ್ತದೆ ಎಂದು ಕೇಳಿ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ದಾವಣಗೆರೆಯವನು, ಈ ವರ್ಷ ಬಿ.ಇ. ಮುಗಿಸಿದೆ. ಹೈಸ್ಕೂಲು, ಪಿಯುಸಿ ದಿನಗಳಲ್ಲಿ ಫ್ಯಾನ್ಸ್ ವಾರ್ ಅಂತ ಫೇಸ್‌ಬುಕ್‌ನಲ್ಲಿ ಬೇರೆ ಹೀರೋಗಳ ಅಭಿಮಾನಿಗಳಿಗೆ ಬಾಯಿಗೆ ಬಂದಂತೆ ಬೈದಿದ್ದೇನೆ. ಈಗ ಪ್ರೊಫೈಲ್ ಲಾಕ್ ಮಾಡಿದ್ದೇನೆ. ಅಷ್ಟು ಸಾಕೇ, ಅಕೌಂಟನ್ನೇ ತೆಗೆದುಬಿಡಲೇ?

ಸಾಲದು. 2020ರಲ್ಲಿ ಫೇಸ್‌ಬುಕ್ ಭಾರತದಲ್ಲಿ ತಂದ ಪ್ರೊಫೈಲ್ ಲಾಕ್, ನಿಮ್ಮ ಟೈಮ್‌ಲೈನ್‌ನಲ್ಲಿರುವ ಪೋಸ್ಟು, ಫೋಟೊಗಳನ್ನು ಸ್ನೇಹಿತರಲ್ಲದವರ ಕಣ್ಣಿನಿಂದ ಮರೆಮಾಡುತ್ತದೆ. ಆದರೆ ನೀವು ಬೈದದ್ದು ನಿಮ್ಮ ಟೈಮ್‌ಲೈನ್‌ನಲ್ಲಲ್ಲ, ಯಾವುದೋ ಸಿನಿಮಾ ಪೇಜಿನ, ಟಿ.ವಿ. ಚಾನೆಲ್ಲಿನ ಪೋಸ್ಟಿನ ಕೆಳಗೆ. ಆ ಪೋಸ್ಟ್ ಸಾರ್ವಜನಿಕವಾಗಿರುವ ತನಕ ನಿಮ್ಮ ಕಾಮೆಂಟು, ಪಕ್ಕದಲ್ಲಿ ನಿಮ್ಮ ಹೆಸರು ಮತ್ತು ಮುಖ, ಎಲ್ಲರಿಗೂ ಕಾಣುತ್ತಲೇ ಇರುತ್ತವೆ. ಲಾಕ್ ಮಾಡಿ ನೆಮ್ಮದಿಯಾಗಿ ಕೂತವರು ಎಡವುವುದು ಇಲ್ಲೇ.

ಮೊದಲು ಸೆಟ್ಟಿಂಗ್ಸ್‌ನಿಂದ ನಿಮ್ಮ ಮಾಹಿತಿಯ ಪೂರ್ತಿ ಪ್ರತಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮುಂದೆ ಯಾರಾದರೂ ಕತ್ತರಿಸಿದ ಸ್ಕ್ರೀನ್‌ಶಾಟ್ ತೋರಿಸಿದರೆ ಇಡೀ ಮಾತು ಏನಿತ್ತು ಎಂದು ಹೇಳಲು ಅದೊಂದೇ ಆಧಾರ. ಆಮೇಲೆ ಆಕ್ಟಿವಿಟಿ ಲಾಗ್ ತೆರೆದು ಕಾಮೆಂಟ್‌ಗಳ ವಿಭಾಗಕ್ಕೆ ಹೋಗಿ, ವರ್ಷದ ಪ್ರಕಾರ ಸೋಸಿ, ಹಳೆಯದರಿಂದ ಅಳಿಸುತ್ತಾ ಬನ್ನಿ. ಬೇಸರದ ಕೆಲಸ, ಒಂದೇ ದಿನ ಮುಗಿಸಲು ಹೋಗದೆ ದಿನಕ್ಕೆ ಒಂದು ವರ್ಷದ್ದು ಎಂದು ಇಟ್ಟುಕೊಳ್ಳಿ. ಗ್ರೂಪ್‌ಗಳಲ್ಲಿ ಬರೆದದ್ದನ್ನು ಮರೆಯಬೇಡಿ. ಅಳಿಸುವ ಮೊದಲೇ ಗ್ರೂಪಿನಿಂದ ಹೊರಬಂದರೆ ಅಲ್ಲಿ ಬರೆದದ್ದು ಅಲ್ಲೇ ಉಳಿಯುತ್ತದೆ, ಹುಡುಕಿ ತೆಗೆಯುವುದು ಕಷ್ಟವಾಗುತ್ತದೆ. ಕಾಮೆಂಟ್ ಆದ ಮೇಲೆ ಟೈಮ್‌ಲೈನ್. ಹಳೆಯ ಪೋಸ್ಟ್‌ಗಳನ್ನೆಲ್ಲ ಒಂದೇ ಸಲಕ್ಕೆ ಸ್ನೇಹಿತರಿಗೆ ಸೀಮಿತಗೊಳಿಸುವ ಆಯ್ಕೆ ಇದೆ. ಆದರೆ ಒತ್ತಿದ ಮೇಲೆ ಒಟ್ಟಾಗಿ ವಾಪಸ್ ತೆರೆಯಲು ಬರುವುದಿಲ್ಲ, ಒಂದೊಂದಾಗಿಯೇ ತೆರೆಯಬೇಕು. ಅಳಿಸಿದ ಪೋಸ್ಟ್ ಟ್ರ್ಯಾಶ್‌ನಲ್ಲಿ 30 ದಿನ ಇದ್ದು ಆಮೇಲೆ ಹೋಗುತ್ತದೆ. ಬೇರೆಯವರು ನಿಮ್ಮನ್ನು ಟ್ಯಾಗ್ ಮಾಡಿದ ಫೋಟೊದಲ್ಲಿ ಟ್ಯಾಗನ್ನಷ್ಟೇ ತೆಗೆಯಲು ನಿಮಗೆ ಸಾಧ್ಯ. ಫೋಟೊ ತೆಗೆಯಲು ಹಾಕಿದವರನ್ನೇ ಕೇಳಬೇಕು.

ಫೇಸ್‌ಬುಕ್ ಒಂದೇ ಅಲ್ಲ. ಇನ್‌ಸ್ಟಾಗ್ರಾಂನಲ್ಲಿ ಯುವರ್ ಆಕ್ಟಿವಿಟಿ ಎಂಬಲ್ಲಿ ಕಾಮೆಂಟುಗಳನ್ನು ಹಲವು ಆರಿಸಿ ಒಟ್ಟಿಗೆ ಅಳಿಸಬಹುದು. ನಿಮ್ಮದು ಪ್ರೊಫೆಷನಲ್ ಅಕೌಂಟ್ ಆಗಿದ್ದರೆ ಇನ್ನೊಂದು ಸಂಗತಿ: 2025ರ ಜುಲೈನಿಂದ ಅಂಥ ಸಾರ್ವಜನಿಕ ಅಕೌಂಟುಗಳ ಫೋಟೊ, ವಿಡಿಯೊ ಗೂಗಲ್ ಹುಡುಕಾಟದಲ್ಲೂ ಕಾಣಿಸಿಕೊಳ್ಳಬಹುದು, ಅಕೌಂಟ್ ಪ್ರೈವಸಿಯಲ್ಲಿ ಅದನ್ನು ನಿಲ್ಲಿಸುವ ಗುಂಡಿ ಇದೆ. ಎಕ್ಸ್‌ನಲ್ಲಿ ಒಟ್ಟಿಗೆ ಅಳಿಸುವ ದಾರಿ ಇಲ್ಲ. ಅಡ್ವಾನ್ಸ್‌ಡ್ ಸರ್ಚ್ ಪುಟದಲ್ಲಿ ನಿಮ್ಮ ಹ್ಯಾಂಡಲ್ ಮತ್ತು ದಿನಾಂಕದ ಮಿತಿ ಕೊಟ್ಟು, ಆ ಕಾಲದ್ದನ್ನು ಮಾತ್ರ ತರಿಸಿಕೊಂಡು ತೆಗೆಯಿರಿ. ಅಲ್ಲಿ ಲೈಕ್‌ಗಳು 2024ರ ಜೂನ್‌ನಿಂದ ಬೇರೆಯವರಿಗೆ ಕಾಣುವುದಿಲ್ಲ, ಅವುಗಳ ಚಿಂತೆ ಬಿಡಿ. ಯೂಟ್ಯೂಬ್ ಕಾಮೆಂಟುಗಳ ಇತಿಹಾಸ ಗೂಗಲ್‌ನ ಮೈ ಆಕ್ಟಿವಿಟಿ ಪುಟದಲ್ಲಿ ಸಿಗುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಹೋಟೆಲಿಗೋ ಕಾಲೇಜಿಗೋ ಸಿಟ್ಟಿನಲ್ಲಿ ಕೊಟ್ಟ ರಿವ್ಯೂ ಕೂಡ ನಿಮ್ಮ ಹೆಸರಿನಲ್ಲೇ ಇರುತ್ತದೆ ಎಂಬುದು ಬಹಳ ಜನರ ಗಮನಕ್ಕೇ ಬಂದಿರುವುದಿಲ್ಲ.

ಎಲ್ಲ ಮುಗಿದ ಮೇಲೆ ಲಾಗಿನ್ ಆಗದ ಇನ್‌ಕಾಗ್ನಿಟೊ ವಿಂಡೋದಲ್ಲಿ ನಿಮ್ಮನ್ನೇ ಹುಡುಕಿ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಜೊತೆಗೆ ಊರು, ಕಾಲೇಜು ಸೇರಿಸಿ. ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಬೇರೆ ಬೇರೆ. ಫೋನ್ ನಂಬರು ಹಾಕಿ ನೋಡಿ. ಬಹಳ ಮುಖ್ಯವಾಗಿ, ಇಮೇಲ್ ವಿಳಾಸದಲ್ಲಿ ಅಟ್ ಚಿಹ್ನೆಗೆ ಮುಂಚಿನ ಭಾಗವನ್ನಷ್ಟೇ ಹಾಕಿ ಹುಡುಕಿ. ರೆಸ್ಯೂಮೆಯಲ್ಲಿರುವ ಆ ಅಡ್ಡಹೆಸರನ್ನೇ ಹತ್ತು ಕಡೆ ಯೂಸರ್‌ನೇಮ್ ಆಗಿ ಬಳಸಿದ್ದರೆ ಹುಡುಕುವವರಿಗೆ ದಾರಿ ತೋರಿಸಿದಂತೆ. ಕೆಲಸದ ಅರ್ಜಿಗಳಿಗೆಂದೇ ಹೊಸ ಇಮೇಲ್ ಮಾಡಿಕೊಳ್ಳುವುದು ಎರಡು ನಿಮಿಷದ ಕೆಲಸ. ಅಳಿಸಿದ ಮೇಲೂ ಗೂಗಲ್‌ನಲ್ಲಿ ಹಳೆಯ ಸಾಲು ತೋರುತ್ತಿದ್ದರೆ, ಹಳತಾದ ಮಾಹಿತಿ ತೆಗೆಸಲು ಗೂಗಲ್‌ನದೇ ಅರ್ಜಿ ಪುಟ ಇದೆ. ಲಿಂಕ್ ಕೊಟ್ಟು ಕೋರಿಕೆ ಸಲ್ಲಿಸಿ.

ಅಕೌಂಟ್ ಪೂರ್ತಿ ತೆಗೆಯುವ ಅಗತ್ಯ ನನಗೆ ಕಾಣುವುದಿಲ್ಲ. ಸಾವಿರಾರು ಫ್ರೆಶರ್‌ಗಳನ್ನು ಒಟ್ಟಿಗೆ ತೆಗೆದುಕೊಳ್ಳುವ ಕಂಪನಿ ಒಬ್ಬೊಬ್ಬರ ಎಂಟು ವರ್ಷದ ಕಾಮೆಂಟು ಓದುತ್ತಾ ಕೂರುವುದಿಲ್ಲ. ಅಂಕಪಟ್ಟಿ, ವಿಳಾಸ, ಕೋರ್ಟ್ ದಾಖಲೆಗಳೇ ಅವರಿಗೆ ಮುಖ್ಯ. ಅಪಾಯ ಬರುವುದು ನೀವು ನಾಲ್ಕು ಜನರ ಕಣ್ಣಿಗೆ ಬೀಳುವ ಸ್ಥಾನಕ್ಕೆ ಏರಿದಾಗ, ಬೇರೆ ಯಾರೋ ಅಗೆದು ತೆಗೆಯುವುದರಿಂದ. ಇಂಗ್ಲೆಂಡಿನ ವೇಗಿ ಒಲಿ ರಾಬಿನ್ಸನ್ 2021ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿದ ದಿನವೇ, ಹದಿಹರೆಯದಲ್ಲಿ 2012–13ರಲ್ಲಿ ಬರೆದಿದ್ದ ಜನಾಂಗೀಯ, ಹೆಣ್ಣುಮಕ್ಕಳನ್ನು ಹೀಗಳೆಯುವ ಟ್ವೀಟ್‌ಗಳು ಹೊರಬಿದ್ದವು. ಚೆನ್ನಾಗಿ ಆಡಿದ್ದರೂ ಅಮಾನತು ತಪ್ಪಲಿಲ್ಲ.

ಸಂದರ್ಶನದಲ್ಲಿ ಯಾರಾದರೂ ಕೇಳಿಯೇಬಿಟ್ಟರೆ ‘ಅಕೌಂಟ್ ಹ್ಯಾಕ್ ಆಗಿತ್ತು’ ಎನ್ನಬೇಡಿ. ಆ ನೆಪ ಎಲ್ಲರೂ ಕೇಳಿರುವಂಥದ್ದು, ಜೊತೆಗೆ ಹಳೆಯ ತಪ್ಪಿನ ಮೇಲೆ ಇವತ್ತಿನ ಸುಳ್ಳು ಕೂರುತ್ತದೆ. ‘ನಾನೇ ಬರೆದದ್ದು ಸರ್, ಆಗ 16 ವರ್ಷ, ತಪ್ಪು ಅಂತ ಗೊತ್ತಾದ ಮೇಲೆ ತೆಗೆದಿದ್ದೇನೆ’ ಎಂದು ಹೇಳಿ ನಿಲ್ಲಿಸಿ. ಅದಕ್ಕಿಂತ ಉದ್ದದ ವಿವರಣೆ ಬೇಡ.

ಪ್ರಶ್ನೆ: ಮೈಸೂರಿನಲ್ಲಿ ನಾಲ್ಕು ವರ್ಷದಿಂದ ಕೆಲಸದಲ್ಲಿದ್ದೇನೆ. ಹೊಸ ಕಂಪನಿಯ ಆಫರ್ ಬಂದಿದೆ. ಬಿಜಿವಿಗೆ (ಹಿನ್ನೆಲೆ ಪರಿಶೀಲನೆಗೆ) ಸಹಿ ಹಾಕಬೇಕಾದ ಒಪ್ಪಿಗೆ ಪತ್ರದಲ್ಲಿ ‘ಸೋಷಿಯಲ್ ಮೀಡಿಯಾ ಸ್ಕ್ರೀನಿಂಗ್’ ಎಂದೂ ಇದೆ. ಏನು ನೋಡುತ್ತಾರೆ? ಆಗುವುದಿಲ್ಲ ಎನ್ನಬಹುದೇ?

ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಅನ್ನು ಸಾಮಾನ್ಯವಾಗಿ ಹೊರಗಿನ ಏಜೆನ್ಸಿ ಮಾಡುತ್ತದೆ. ಓದು, ಹಿಂದಿನ ಕೆಲಸ, ವಿಳಾಸ, ಕೋರ್ಟ್ ಕೇಸು ಇವು ಮಾಮೂಲಿ. ಸೋಷಿಯಲ್ ಮೀಡಿಯಾ ಅದರ ಮೇಲೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಭಾಗ. ಹಿರಿಯ ಹುದ್ದೆ, ಗ್ರಾಹಕರ ಎದುರು ನಿಲ್ಲುವ ಹುದ್ದೆ, ಹಣಕಾಸಿನ ಕಂಪನಿಗಳಲ್ಲಿ ಹೆಚ್ಚು. ನೋಡುವುದು ಸಾರ್ವಜನಿಕವಾಗಿ ಕಾಣುವುದನ್ನು: ಬೆದರಿಕೆ, ದ್ವೇಷದ ಮಾತು, ಲೈಂಗಿಕ ನಿಂದನೆ, ಮಾದಕವಸ್ತು, ಹಿಂದಿನ ಕಂಪನಿಯ ಗುಟ್ಟು ಬಿಟ್ಟುಕೊಟ್ಟದ್ದು. ವರದಿ ಹಸಿರು, ಅಂಬರ್, ಕೆಂಪು ಎಂದು ಬಣ್ಣದಲ್ಲಿ ಬರುತ್ತದೆ. ಅಂಬರ್ ಎಂದರೆ ಕೆಲಸ ಹೋಯಿತು ಎಂದಲ್ಲ, ವಿವರಣೆ ಬೇಕು ಎಂದು.

ಆದರೆ ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಲಿಂಕ್ಡ್‌ಇನ್ ಬಗ್ಗೆ. ಅಭಿಪ್ರಾಯಗಳಿಗಿಂತ ತಾರೀಕುಗಳು ಜನರಿಗೆ ಹೆಚ್ಚು ತೊಂದರೆ ಕೊಡುತ್ತವೆ. ರಿಲೀವಿಂಗ್ ಲೆಟರಿನಲ್ಲಿ 14 ಜುಲೈ 2023 ಎಂದಿದೆ, ಲಿಂಕ್ಡ್‌ಇನ್‌ನಲ್ಲಿ ಸೆಪ್ಟೆಂಬರ್ 2023ರ ತನಕ ಅದೇ ಕೆಲಸ ಎಂದಿದೆ, ಮುಂದಿನ ಕೆಲಸ ಆಗಸ್ಟಿನಲ್ಲಿ ಶುರು ಎಂದುಕೊಳ್ಳಿ. ನೀವು ಅಪ್‌ಡೇಟ್ ಮಾಡಲು ಮರೆತದ್ದಷ್ಟೇ. ಓದುವವರಿಗೆ ಒಂದೇ ಕಾಲಕ್ಕೆ ಎರಡು ಕೆಲಸ ಮಾಡಿದ ಹಾಗೆ ಕಾಣುತ್ತದೆ. 2022ರ ಸೆಪ್ಟೆಂಬರಿನಲ್ಲಿ ವಿಪ್ರೊ ಮೂನ್‌ಲೈಟಿಂಗ್ (ಒಂದು ಕೆಲಸದಲ್ಲಿದ್ದುಕೊಂಡೇ ಗುಟ್ಟಾಗಿ ಇನ್ನೊಂದು ಕಡೆ ದುಡಿಯುವುದು) ಕಾರಣಕ್ಕೆ 300 ಜನರನ್ನು ತೆಗೆದ ಮೇಲೆ ಎಚ್‌ಆರ್‌ಗಳು ಈ ವಿಷಯದಲ್ಲಿ ಇನ್ನಷ್ಟು ಸೂಕ್ಷ್ಮವಾಗಿದ್ದಾರೆ.

ರಿಲೀವಿಂಗ್ ಲೆಟರು, ಯುಎಎನ್‌ನ (ನಿಮ್ಮ ಪಿಎಫ್ ಖಾತೆ ಸಂಖ್ಯೆಯ) ಸರ್ವಿಸ್ ಹಿಸ್ಟರಿ, ರೆಸ್ಯೂಮೆ, ಲಿಂಕ್ಡ್‌ಇನ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಸೇರಿದ ದಿನ, ಬಿಟ್ಟ ದಿನ ತಾಳೆ ನೋಡಿ. ಇಪಿಎಫ್‌ಒ ಪೋರ್ಟಲ್‌ನಲ್ಲಿ ಹಿಂದಿನ ಕಂಪನಿ ನಿಮ್ಮ ಡೇಟ್ ಆಫ್ ಎಕ್ಸಿಟ್ ಹಾಕದೇ ಬಿಟ್ಟಿದ್ದರೆ ಈಗಲೇ ಸರಿಪಡಿಸಿ. ಹುದ್ದೆಯ ಹೆಸರು ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ ಇದ್ದಂತೆಯೇ ಇರಲಿ. ಟೀಮಿನಲ್ಲಿ ಎಲ್ಲರೂ ‘ಲೀಡ್’ ಎಂದು ಕರೆಯುತ್ತಿದ್ದರೆ ಅದನ್ನು ವಿವರಣೆಯ ಸಾಲಿನಲ್ಲಿ ಬರೆಯಿರಿ, ಶೀರ್ಷಿಕೆಯಲ್ಲಿ ಬೇಡ. ಯಾವತ್ತೋ ಮಾಡಿದ ಫ್ರೀಲಾನ್ಸ್ ಕೆಲಸಕ್ಕೆ ‘ಪ್ರೆಸೆಂಟ್’ ಎಂದು ಉಳಿದಿದ್ದರೆ ಮುಗಿದ ತಿಂಗಳು ಹಾಕಿ.

ಒಪ್ಪಿಗೆಯ ವಿಷಯ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟಿನಲ್ಲಿ ಬಂತು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಕಾಯ್ದೆಯ 3ನೇ ಕಲಂ ಓದಿಕೊಳ್ಳಬೇಕಾದ್ದು: ವ್ಯಕ್ತಿ ತಾನೇ ಸಾರ್ವಜನಿಕವಾಗಿ ಹಾಕಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಎಂದರೆ ಪಬ್ಲಿಕ್ ಪೋಸ್ಟನ್ನು ‘ನನ್ನ ಒಪ್ಪಿಗೆ ಇಲ್ಲದೆ ಓದಿದರು’ ಎಂದು ದೂರಲು ಇಲ್ಲಿ ಜಾಗವಿಲ್ಲ. ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು 7ನೇ ಕಲಂ ಅವಕಾಶ ಕೊಡುತ್ತದೆ. ಇನ್ನೂ ಕೆಲಸಕ್ಕೆ ಸೇರದ ಅಭ್ಯರ್ಥಿಗೆ ಅದು ಎಷ್ಟು ಅನ್ವಯಿಸುತ್ತದೆ ಎಂಬುದು ವಾದಕ್ಕೆ ಬಿಟ್ಟ ಮಾತು.

ಸಹಿ ಹಾಕುವುದಿಲ್ಲ ಎನ್ನಲು ನಿಮಗೆ ಸ್ವಾತಂತ್ರ್ಯವಿದೆ, ಆದರೆ ಆಫರ್ ಅಲ್ಲಿಗೇ ನಿಲ್ಲಬಹುದು. ನನ್ನ ಸಲಹೆ, ನಿರಾಕರಿಸುವ ಬದಲು ಎಚ್‌ಆರ್‌ಗೆ ಮೇಲ್ ಬರೆದು ನಾಲ್ಕು ವಿಷಯ ಕೇಳಿ: ಯಾವ ಅಕೌಂಟುಗಳನ್ನು ನೋಡುತ್ತೀರಿ, ಎಷ್ಟು ವರ್ಷ ಹಿಂದಿನದು, ವರದಿ ಯಾರ ಕೈಗೆ ಹೋಗುತ್ತದೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ. ‘ಪ್ರತಿಕೂಲ ಅಂಶ ಕಂಡುಬಂದರೆ ನಿರ್ಧಾರಕ್ಕೆ ಮೊದಲು ನನಗೆ ತಿಳಿಸಿ ವಿವರಣೆಗೆ ಅವಕಾಶ ಕೊಡಬೇಕಾಗಿ ಕೋರುತ್ತೇನೆ’ ಎಂಬ ಸಾಲು ಸೇರಿಸಿ. ಅಮೆರಿಕದಲ್ಲಿ ಹೊರಗಿನ ಏಜೆನ್ಸಿಯ ವರದಿ ಆಧರಿಸಿ ಕೆಲಸ ನಿರಾಕರಿಸುವ ಮೊದಲು ವರದಿಯ ಪ್ರತಿಯನ್ನು ಅಭ್ಯರ್ಥಿಗೆ ಕೊಡಲೇಬೇಕೆಂಬ ಕಾನೂನಿದೆ. ನಮ್ಮಲ್ಲಿ ಅಂಥದ್ದಿಲ್ಲ, ಅದಕ್ಕೇ ಮೊದಲೇ ಲಿಖಿತವಾಗಿ ಕೇಳಿಡುವುದು.

ಪ್ರಶ್ನೆ: ಸಂದರ್ಶನದಲ್ಲಿ ಫೋನ್ ಕೊಡಿ, ಇನ್‌ಸ್ಟಾ ತೆರೆದು ತೋರಿಸಿ ಎಂದರೆ?

ಕೊಡಬೇಡಿ. ಪಾಸ್‌ವರ್ಡಂತೂ ಯಾವ ಕಾರಣಕ್ಕೂ ಬೇಡ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಿಯಮಗಳೇ ಅದನ್ನು ಒಪ್ಪುವುದಿಲ್ಲ, ಜೊತೆಗೆ ನಿಮಗೆ ಖಾಸಗಿಯಾಗಿ ಬರೆದವರ ಮಾತುಗಳೂ ಪರರ ಕೈಗೆ ಹೋಗುತ್ತವೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2012ರಲ್ಲೇ ಇಂಥ ಬೇಡಿಕೆಯನ್ನು ನಿಷೇಧಿಸಿತು, ಹಲವು ರಾಜ್ಯಗಳು ಅದನ್ನು ಅನುಸರಿಸಿದವು. ‘ಲಿಂಕ್ಡ್‌ಇನ್ ಲಿಂಕ್ ಕೊಡುತ್ತೇನೆ ಮೇಡಂ, ಉಳಿದದ್ದು ಮನೆಯವರು, ಸ್ನೇಹಿತರಿಗೆ ಮಾತ್ರ’ ಎಂದು ಮೆತ್ತಗೆ ಹೇಳಿ. ಅಷ್ಟಕ್ಕೆ ಮುನಿಸಿಕೊಳ್ಳುವ ಜಾಗದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಏನೇನು ಕೇಳಿಯಾರು ಎಂದೂ ಯೋಚಿಸಿ.

ಪ್ರಶ್ನೆ: ನನ್ನ ಹೆಸರು, ಫೋಟೊ ಹಾಕಿ ಯಾರೋ ಇನ್‌ಸ್ಟಾಗ್ರಾಂನಲ್ಲಿ ನಕಲಿ ಅಕೌಂಟ್ ಮಾಡಿ ಅಸಹ್ಯವಾಗಿ ಬರೆಯುತ್ತಿದ್ದಾರೆ. ಮುಂದಿನ ತಿಂಗಳು ಸಂದರ್ಶನವಿದೆ. ಏನು ಮಾಡಲಿ? — ಕಲಬುರಗಿಯ ಓದುಗರು

ಮೊದಲು ಸಾಕ್ಷಿ, ಆಮೇಲೆ ದೂರು. ಈ ಕ್ರಮ ತಪ್ಪಿದರೆ ಅಕೌಂಟ್ ಮಾಯವಾಗಿ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಪ್ರೊಫೈಲ್ ಪುಟ, ಪ್ರತಿ ಪೋಸ್ಟು, ಮೇಲಿನ ವಿಳಾಸದ ಪಟ್ಟಿ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಲಿಂಕನ್ನು ಬೇರೆಯಾಗಿ ನಕಲಿಸಿಡಿ. ಹೆಸರು ಬದಲಿಸಿಕೊಂಡರೂ ಹಳೆಯ ಹ್ಯಾಂಡಲ್ ನಿಮ್ಮಲ್ಲಿ ಇರಬೇಕು. ನಂತರ ಇನ್‌ಸ್ಟಾಗ್ರಾಂನಲ್ಲಿ ‘ನನ್ನಂತೆ ನಟಿಸುತ್ತಿದ್ದಾರೆ’ ಎಂಬ ಕಾರಣಕ್ಕೇ ರಿಪೋರ್ಟ್ ಮಾಡಿ. ಸ್ನೇಹಿತರು ಬೇರೆ ಬೇರೆ ಕಾರಣ ಕೊಟ್ಟು ರಿಪೋರ್ಟ್ ಮಾಡುವುದಕ್ಕಿಂತ ಗುರುತಿನ ಚೀಟಿ ಸಮೇತ ನೀವೇ ಮಾಡುವ ಒಂದು ರಿಪೋರ್ಟಿಗೆ ತೂಕ ಹೆಚ್ಚು.

ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಿಮ್ಮ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ. ಬೇರೆಯವರ ಗುರುತನ್ನು ಮೋಸದಿಂದ ಬಳಸುವುದಕ್ಕೆ ಐಟಿ ಕಾಯ್ದೆಯ 66ಸಿ ಕಲಂ ಅಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ದೂರಿನ ಅಕ್ನಾಲೆಜ್‌ಮೆಂಟ್ ಸಂಖ್ಯೆಯೇ ಸಂದರ್ಶನದಲ್ಲಿ ನಿಮ್ಮ ರಕ್ಷೆ. ಅವರು ಹುಡುಕಿ ಕಂಡುಕೊಳ್ಳುವ ತನಕ ಕಾಯಬೇಡಿ. ‘ನನ್ನ ಹೆಸರಿನಲ್ಲಿ ನಕಲಿ ಅಕೌಂಟ್ ಇದೆ, ಇಂಥ ದಿನ ದೂರು ಕೊಟ್ಟಿದ್ದೇನೆ, ಸಂಖ್ಯೆ ಇದು’ ಎಂದು ಎಚ್‌ಆರ್‌ಗೆ ಎರಡು ಸಾಲಿನ ಮೇಲ್ ಹಾಕಿ. ಇದು ನಿಮ್ಮ ತಪ್ಪಲ್ಲ, ತಲೆತಗ್ಗಿಸಿ ಹೇಳುವ ಮಾತೂ ಅಲ್ಲ.

ನಕಲಿ ಅಲ್ಲ, ಅದೇ ಹೆಸರಿನ ಬೇರೆಯವರು ಎಂಬ ಗೊಂದಲವೂ ನಮ್ಮಲ್ಲಿ ಬಹಳ. ಮಂಜುನಾಥ, ಕಾವ್ಯ ಎಂಬ ಹೆಸರಿನವರು ಒಂದೇ ಊರಿನಲ್ಲಿ ಎಷ್ಟೋ ಜನ. ಇನಿಷಿಯಲ್ ಅನ್ನು ರೆಸ್ಯೂಮೆ, ಲಿಂಕ್ಡ್‌ಇನ್, ಇಮೇಲ್ ಮೂರರಲ್ಲೂ ಒಂದೇ ರೀತಿ ಬರೆದು, ಲಿಂಕ್ಡ್‌ಇನ್ ವಿಳಾಸವನ್ನು ರೆಸ್ಯೂಮೆಯ ಮೇಲ್ಭಾಗದಲ್ಲಿ ಹಾಕಿದರೆ ಹುಡುಕುವವರು ಸರಿಯಾದ ಬಾಗಿಲಿಗೇ ಬರುತ್ತಾರೆ. ಹಾಗೆಯೇ ಟ್ರೂಕಾಲರ್‌ನಲ್ಲಿ ನಿಮ್ಮ ನಂಬರಿಗೆ ಏನು ಹೆಸರು ತೋರುತ್ತದೆ ಎಂದು ಬೇರೆಯವರ ಫೋನಿನಲ್ಲಿ ನೋಡಿ. ಜನ ತಮ್ಮ ತಮ್ಮ ಫೋನಿನಲ್ಲಿ ಇಟ್ಟುಕೊಂಡ ಹೆಸರೇ ಅಲ್ಲಿ ಬರುವುದರಿಂದ ಎಚ್‌ಆರ್‌ಗೆ ಏನು ಕಾಣುತ್ತದೋ ಹೇಳಲಾಗದು.

ಪ್ರಶ್ನೆ: ಅಳಿಯ ಅಮೆರಿಕದಲ್ಲಿ ಕೆಲಸದ ವೀಸಾ ಎಚ್-1ಬಿ ಮೇಲೆ ಇದ್ದಾರೆ, ಮಗಳು ಅವರ ಅವಲಂಬಿತರ ವೀಸಾ ಎಚ್-4. ವೀಸಾ ಸ್ಟ್ಯಾಂಪಿಂಗ್‌ಗೆ ಬರುವಾಗ ಅಕೌಂಟುಗಳನ್ನೆಲ್ಲ ಪಬ್ಲಿಕ್ ಮಾಡಬೇಕಂತೆ. ನಿಜವೇ? — ಉಡುಪಿ

ನಿಜ. ಡಿಎಸ್-160 ಎಂಬ ವೀಸಾ ಅರ್ಜಿಯಲ್ಲಿ ಕಳೆದ 5 ವರ್ಷಗಳಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಹ್ಯಾಂಡಲ್‌ಗಳನ್ನು 2019ರಿಂದಲೇ ಕೇಳುತ್ತಾರೆ. 2025ರ ಜೂನ್‌ನಲ್ಲಿ ವಿದ್ಯಾರ್ಥಿ ವೀಸಾದವರಿಗೆ, 2025ರ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4ರವರಿಗೂ ಪ್ರೊಫೈಲ್‌ಗಳನ್ನು ಪಬ್ಲಿಕ್ ಇಡಲು ಸೂಚಿಸಲಾಯಿತು. ಆಗ ಭಾರತದಲ್ಲಿ ಎಷ್ಟೋ ಜನರ ಅಪಾಯಿಂಟ್‌ಮೆಂಟ್ ತಿಂಗಳುಗಟ್ಟಲೆ ಮುಂದೆ ಹೋದವು. ಹಾಗಾಗಿ ಟಿಕೆಟ್ ತೆಗೆಸುವ ಮುನ್ನ ಕಾನ್ಸುಲೇಟಿನ ಪುಟವನ್ನು ಆ ವಾರವೇ ಮತ್ತೊಮ್ಮೆ ಓದಲು ಹೇಳಿ.

ಅರ್ಜಿಯಲ್ಲಿ ಕೇಳಿದ ಪಟ್ಟಿಯಲ್ಲಿ ಬರುವ ಯಾವ ಅಕೌಂಟನ್ನೂ ಬಿಡಬಾರದು, ಈ 5 ವರ್ಷದೊಳಗೆ ಬಳಸಿ ಮುಚ್ಚಿದ್ದಾದರೂ ಸರಿ. ಒಂದು ಪೋಸ್ಟಿಗೆ ವಿವರಣೆ ಕೊಡಬಹುದು. ಬೇಕೆಂದೇ ಮುಚ್ಚಿಟ್ಟರೆ ಅದು ಸುಳ್ಳು ಹೇಳಿಕೆ ಎಂದಾಗಿ ಮುಂದಿನ ವೀಸಾಗಳಿಗೂ ಅನರ್ಹತೆ ತರಬಹುದು. ಅಳಿಯಂದಿರು ಲಿಂಕ್ಡ್‌ಇನ್‌ನಲ್ಲಿ ಬರೆದ ಕಂಪನಿ, ಹುದ್ದೆ, ಊರು, ತಾರೀಕು ಎಚ್-1ಬಿ ಪಿಟಿಷನ್ನಿನಲ್ಲಿರುವುದಕ್ಕೆ ಹೊಂದಬೇಕು. ಕ್ಲೈಂಟ್ ಹೆಸರನ್ನೇ ಕಂಪನಿ ಎಂದು ಹಾಕಿಕೊಂಡಿದ್ದರೆ ಸರಿಪಡಿಸಲಿ. ಮಗಳಿಗೆ ಹೇಳಬೇಕಾದ್ದು ಬೇರೆ: ಪಬ್ಲಿಕ್ ಮಾಡುವ ಮುಂಚೆ ಮಕ್ಕಳ ಫೋಟೊ, ಮನೆ ವಿಳಾಸ, ಫೋನ್ ನಂಬರು ಇರುವ ಪೋಸ್ಟ್‌ಗಳನ್ನು ಆರ್ಕೈವ್ ಮಾಡಲಿ. ಪಬ್ಲಿಕ್ ಆದ ಮೇಲೆ ವೀಸಾ ಅಧಿಕಾರಿಯಷ್ಟೇ ಅಲ್ಲ, ಲೋಕವೇ ನೋಡುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ 40 ಜನರ ಸಣ್ಣ ಕಂಪನಿ ನಡೆಸುತ್ತೇನೆ. ಅಭ್ಯರ್ಥಿಗಳ ಫೇಸ್‌ಬುಕ್ ನೋಡಿ ಆರಿಸುವುದು ಒಳ್ಳೆಯದೇ?

ಸಂದರ್ಶನಕ್ಕೆ ಮುಂಚೆ ನೋಡಬೇಡಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಮನಸ್ಸಿನವರೇ ಇಲ್ಲಿ ತಪ್ಪು ಮಾಡುವುದು.

ಫೇಸ್‌ಬುಕ್ ಪುಟ ತೆರೆದ ಕೂಡಲೇ ನಿಮಗೆ ಮೊದಲು ಕಾಣುವುದು ಜಾತಿ, ಧರ್ಮ, ಮದುವೆ ಆಗಿದೆಯೇ, ಗರ್ಭಿಣಿಯೇ, ಯಾವ ಪಕ್ಷದ ಬಾವುಟ, ತಟ್ಟೆಯಲ್ಲಿ ಏನಿದೆ. ಕೆಲಸಕ್ಕೆ ಬೇಕಾದ್ದು ಇದರಲ್ಲಿ ಒಂದೂ ಇಲ್ಲ, ಆದರೆ ಒಮ್ಮೆ ಕಂಡದ್ದನ್ನು ಕಾಣದಂತೆ ಮಾಡಿಕೊಳ್ಳಲು ಆಗುವುದಿಲ್ಲ. ಅಮೆರಿಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 4,000ಕ್ಕೂ ಹೆಚ್ಚು ಅರ್ಜಿ ಕಳುಹಿಸಿ, ಧರ್ಮದ ಸುಳಿವು ಆನ್‌ಲೈನ್‌ನಲ್ಲಿ ಮಾತ್ರ ಸಿಗುವಂತೆ ಮಾಡಿ ಪರೀಕ್ಷಿಸಿದರು. ಇಡೀ ದೇಶದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ರಿಪಬ್ಲಿಕನ್ ಒಲವಿನ ಪ್ರದೇಶಗಳಲ್ಲಿ ಮಾತ್ರ ಮುಸ್ಲಿಂ ಅಭ್ಯರ್ಥಿಗೆ ಕರೆ ಕಡಿಮೆ ಬಂತು. 2016ರಲ್ಲಿ ಜರ್ನಲ್ ಆಫ್ ಮ್ಯಾನೇಜ್‌ಮೆಂಟ್‌ನಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ನೇಮಕಾತಿ ಮಾಡುವವರೇ ವಿದ್ಯಾರ್ಥಿಗಳ ಫೇಸ್‌ಬುಕ್ ನೋಡಿ ಅಂಕ ಕೊಟ್ಟರು. ಆ ವಿದ್ಯಾರ್ಥಿಗಳು ಕೆಲಸಕ್ಕೆ ಸೇರಿದ ಮೇಲೆ ಮೇಲಧಿಕಾರಿಗಳು ಕೊಟ್ಟ ಅಂಕಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಯಾರು ಕೆಲಸ ಬಿಡುತ್ತಾರೆ ಎಂಬುದನ್ನೂ ಅದು ಹೇಳಲಿಲ್ಲ.

ನಮ್ಮ ದೇಶದಲ್ಲಿ ಖಾಸಗಿ ನೇಮಕಾತಿಯಲ್ಲಿ ಜಾತಿ, ಧರ್ಮದ ತಾರತಮ್ಯವನ್ನು ತಡೆಯುವ ಸಮಗ್ರ ಕಾನೂನು ಇಲ್ಲ ನಿಜ. ಆದರೆ 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಲಿಂಗದ ಆಧಾರದ ತಾರತಮ್ಯವನ್ನು ನೇಮಕಾತಿಯಲ್ಲೂ ನಿಷೇಧಿಸುತ್ತದೆ. 2017ರ ಎಚ್‌ಐವಿ ಕಾಯ್ದೆ, 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಖಾಸಗಿಯವರಿಗೂ ಅನ್ವಯಿಸುತ್ತವೆ.

ನೋಡಲೇಬೇಕಾದ ಹುದ್ದೆ ಇದ್ದರೆ (ನಿಮ್ಮ ಕಂಪನಿಯ ಪರವಾಗಿ ಹೊರಗೆ ಮಾತನಾಡುವವರು, ಮಕ್ಕಳ ಜೊತೆ ಕೆಲಸ ಮಾಡುವವರು) ಹೀಗೆ ಮಾಡಿ. ಸಂದರ್ಶನ ಮುಗಿದು, ಆಯ್ಕೆ ಗಟ್ಟಿಯಾದ ಮೇಲೆ ಅಭ್ಯರ್ಥಿಗೆ ತಿಳಿಸಿ ನೋಡಿ. ನೋಡುವವರು ಸಂದರ್ಶನ ಮಾಡಿದವರಲ್ಲದೆ ಬೇರೊಬ್ಬರಾಗಿರಲಿ. 40 ಜನರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರೇ ಆದರೂ ನಡೆಯುತ್ತದೆ. ಅವರ ಕೈಗೆ ನಾಲ್ಕೇ ಅಂಶದ ಚೀಟಿ ಕೊಡಿ: ಹಿಂಸೆಯ ಬೆದರಿಕೆ, ಯಾವುದೇ ಸಮುದಾಯ ಅಥವಾ ಹೆಣ್ಣುಮಕ್ಕಳ ಮೇಲೆ ದ್ವೇಷದ ಮಾತು, ಹಿಂದಿನ ಕಂಪನಿಯ ಗುಟ್ಟು ಹೊರಹಾಕಿದ್ದು, ಸುಳ್ಳು ವಿದ್ಯಾರ್ಹತೆ. ಇವು ಕಂಡರೆ ಮಾತ್ರ ದಿನಾಂಕ, ಲಿಂಕ್ ಸಮೇತ ಸ್ಕ್ರೀನ್‌ಶಾಟ್ ನಿಮ್ಮ ಟೇಬಲ್‌ಗೆ ಬರಲಿ. ಉಳಿದದ್ದು ಬಾಯಿಮಾತಿನಲ್ಲೂ ಬೇಡ. ಹುಡುಗಿಯ ಹೆಸರಿನಲ್ಲಿ ನಕಲಿ ಅಕೌಂಟ್ ಮಾಡಿ ಫ್ರೆಂಡ್ ರಿಕ್ವೆಸ್ಟ್ ಕಳಿಸುವ ಚಾಳಿ ಕೆಲವರಲ್ಲಿದೆ. ಅದು ಮೋಸ, ಮಾಡಿಸಿದವರೂ ಸಿಕ್ಕಿಬೀಳುತ್ತಾರೆ.

ಏನಾದರೂ ಕಂಡರೆ ಅಭ್ಯರ್ಥಿಯನ್ನು ಕರೆದು ತೋರಿಸಿ ಕೇಳಿ. ಅಕೌಂಟ್ ಅವರದೇ ಅಲ್ಲದಿರಬಹುದು, ಹತ್ತು ವರ್ಷ ಹಳೆಯದಿರಬಹುದು. ಬರೆದಾಗ ವಯಸ್ಸು ಎಷ್ಟಿತ್ತು, ಒಂದೇ ಸಲವೋ ಮತ್ತೆ ಮತ್ತೆಯೋ, ಈಚೆಗೂ ಹಾಗೇ ಬರೆಯುತ್ತಿದ್ದಾರೆಯೇ ಎಂದು ನೋಡಿ ತೀರ್ಮಾನಿಸಿ, ಕಾರಣವನ್ನು ಎರಡು ಸಾಲಿನಲ್ಲಿ ಫೈಲಿಗೆ ಬರೆಯಿರಿ. ಆಯ್ಕೆ ಆಗದವರ ಸ್ಕ್ರೀನ್‌ಶಾಟುಗಳನ್ನು ಎಷ್ಟು ದಿನಕ್ಕೆ ಅಳಿಸಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಆ ದಿನ ಕಂಪ್ಯೂಟರಿನಿಂದ ಮಾತ್ರವಲ್ಲ, ಕಳುಹಿಸಿಕೊಂಡ ವಾಟ್ಸ್‌ಆ್ಯಪ್ ಗ್ರೂಪಿನಿಂದಲೂ ತೆಗೆಸಿ.